ರೊಟ್ಟಿ ಬಡಿದವಳಿಗೆ ಸರ್ಟಿಫಿಕೇಟು ಕೊಡುವವರು ಯಾರು?

ಸೆಪ್ಟೆಂಬರ್ 17ರ ವಿಮೋಚನಾ ದಿನ ಬಂತೆಂದರೆ ಕಲ್ಯಾಣ ಕರ್ನಾಟಕದ ಹೆಣ್ಣುಮಕ್ಕಳಿಗೆ ಕೈತುಂಬ ಕೆಲಸ. ಹಿಂದಿನ ದಿನ ಮೈದಾನ ಗುಡಿಸುವವರು ಅವರು, ಬೆಳಗಾಗುವುದರೊಳಗೆ ರಂಗೋಲಿ ಹಾಕುವವರು ಅವರು, ಸಾಹೇಬರ ಕಾರು ಬರುವತನಕ ತಲೆಯ ಮೇಲೆ ಕಳಸ ಹೊತ್ತು ಬಿಸಿಲಿಗೆ ನಿಲ್ಲುವವರೂ ಅವರೇ. ಭಾಷಣ ಶುರುವಾದ ಮೇಲೆ ಅವರ ಸುದ್ದಿ ಇರುವುದಿಲ್ಲ. ಸರ್ದಾರ್ ಪಟೇಲರು ಬರುತ್ತಾರೆ, ಸ್ವಾಮಿ ರಮಾನಂದ ತೀರ್ಥರು ಬರುತ್ತಾರೆ, ಜನರಲ್ ಚೌಧರಿಯವರ ಟ್ಯಾಂಕುಗಳು ಸೊಲ್ಲಾಪುರದ ಕಡೆಯಿಂದ ನಳದುರ್ಗ ದಾಟಿ ಹುಮನಾಬಾದಿಗೆ ಬರುತ್ತವೆ. ಐದು ದಿನದಲ್ಲಿ ನಿಜಾಮ ಶರಣು. ಚಪ್ಪಾಳೆ. ಆಮೇಲೆ ಊಟ. ಊಟ ಬಡಿಸಲಿಕ್ಕೆ ಹೆಣ್ಣುಮಕ್ಕಳು ಮತ್ತೆ ಬೇಕು.

ದೇಶಕ್ಕೆಲ್ಲ ಸ್ವಾತಂತ್ರ್ಯ ಬಂದು ನಿಜಾಮನ ಹೈದರಾಬಾದ್ ಸಂಸ್ಥಾನದಲ್ಲಿದ್ದ ನಮಗೆ ಮಾತ್ರ ಬಾರದೆ ಇದ್ದ ಹದಿಮೂರು ತಿಂಗಳು ಅದು. 1947ರ ಆಗಸ್ಟಿನಿಂದ 1948ರ ಸೆಪ್ಟೆಂಬರ್ ತನಕ. ಆ ಹದಿಮೂರು ತಿಂಗಳು ಶಹಾಬಾದ, ಚಿತ್ತಾಪುರ, ಸೇಡಂ, ಚಿಂಚೋಳಿ ಸೀಮೆಯ ಹಳ್ಳಿಗಳನ್ನು ಬದುಕಿಸಿಟ್ಟವರು ಯಾರು ಎಂದು ಆ ವೇದಿಕೆಯ ಮೇಲೆ ನಿಂತು ಒಬ್ಬರಾದರೂ ಕೇಳಲಿ, ನೋಡೋಣ.

ಗಂಡಸರು ಊರಲ್ಲಿ ಇರಲಿಲ್ಲ. ಲಾತೂರಿನ ವಕೀಲ ಖಾಸಿಂ ರಜವಿಯ ಪಡೆಯವರು, ನಿಜಾಮನ ಪರದ ರಜಾಕಾರರು, ಊರೂರಿಗೆ ಬರತೊಡಗಿದ ಮೇಲೆ ಉಳ್ಳವರು ಮೊದಲು ಹೊರಟರು. ಶಹಾಬಾದದಲ್ಲಿ ರೈಲು ಹತ್ತಿದರೆ ಕಲಬುರಗಿ, ಗಾಣಗಾಪುರ ರೋಡ್ ದಾಟಿ ದುಧನಿ. ದುಧನಿಯೆಂದರೆ ನಿಜಾಮನ ಹದ್ದು ಮುಗಿದ ನೆಲ. ಆಸ್ತಿಯಿದ್ದವರು ಸೊಲ್ಲಾಪುರದಲ್ಲಿ ಮನೆ ಹಿಡಿದರು. ಬಿಸಿರಕ್ತದ ಹುಡುಗರು ಗಡಿಯಾಚೆಯ ಹೋರಾಟದ ಶಿಬಿರಗಳನ್ನು ಸೇರಿದರು. ದಕ್ಷಿಣದ ಕಡೆ ಮುಂಡರಗಿ, ಗಜೇಂದ್ರಗಡದ ಶಿಬಿರಗಳು ಹೆಸರುವಾಸಿ. ಅಳವಂಡಿ ಶಿವಮೂರ್ತಿಸ್ವಾಮಿಗಳಂಥವರ ಹೆಸರು ಇವತ್ತಿಗೂ ಗೌರವದಿಂದ ನೆನೆಯುವಂಥದು. ಆ ಗೌರವಕ್ಕೆ ನನ್ನ ತಕರಾರಿಲ್ಲ. ಅವರು ಹೋದ ಮೇಲೆ ಹಟ್ಟಿಯಲ್ಲಿ ಎತ್ತು ಇದ್ದವು, ತೊಟ್ಟಿಲಲ್ಲಿ ಕೂಸು ಇತ್ತು, ಹೊರಸಿನ ಮೇಲೆ ಏಳಲಾರದ ಅತ್ತೆ ಇದ್ದಳು. ಎತ್ತಿಗೆ ಮೇವು ಹಾಕಿದ್ದು ದೇಶಭಕ್ತಿಯಲ್ಲವೇನು?

ಲೆವಿಯೊಂದು ಬೇರೆ. ಎರಡನೇ ಮಹಾಯುದ್ಧದ ಕಾಲಕ್ಕೆ ಶುರುವಾದ ಧಾನ್ಯದ ಲೆವಿ ಯುದ್ಧ ಮುಗಿದರೂ ಹೋಗಲಿಲ್ಲ. ಇಷ್ಟು ಎಕರೆಗೆ ಇಷ್ಟು ಜೋಳ, ಸರ್ಕಾರ ಹೇಳಿದ ಬೆಲೆಗೆ. ದೇಶಮುಖರು, ದೊಡ್ಡ ಗೌಡರು ಪಟವಾರಿಯ ಕೈ ಬೆಚ್ಚಗೆ ಮಾಡಿ ಪಾರಾದರು; ನಾಲ್ಕು ಎಕರೆಯವನ ಮನೆಗೆ ಜಪ್ತಿ ಬಂತು. ಗಂಡಸಿಲ್ಲದ ಮನೆಯಲ್ಲಿ ಲೆವಿಯ ಸಿಪಾಯಿಗೆ ಉತ್ತರ ಕೊಟ್ಟವಳು ಯಾರು? ಹಗೇವಿನ ಬಾಯಿಗೆ ಮಣ್ಣು ಮುಚ್ಚಿ, ಅದರ ಮೇಲೆ ಕುಳ್ಳಿನ ರಾಶಿ ಒಟ್ಟಿ, ‘ಜ್ವಾಳ ಎಲ್ಲ್ಯದ ಯಪ್ಪಾ, ಕೂಸಿಗೆ ಗಂಜಿಗಿಲ್ಲ’ ಎಂದು ಮುಖ ಗಂಟುಹಾಕಿಕೊಂಡು ಬಾಗಿಲಲ್ಲಿ ಕೂತವಳು ಯಾರು? ಇದೇ ಕೆಲಸವನ್ನು ಗಂಡಸು ಮಾಡಿದ್ದರೆ ಕರನಿರಾಕರಣೆ ಚಳವಳಿ ಅನ್ನುತ್ತಿದ್ದರು. ಹೆಂಗಸು ಮಾಡಿದಳು, ಅದಕ್ಕೆ ‘ಜಾಣಿ ಇದ್ದಳವ್ವ’ ಅಂತಾರೆ.

ಈಗ ರೊಟ್ಟಿಯ ಲೆಕ್ಕ ಹಾಕೋಣ. ಲೆಕ್ಕ ಅಂದರೆ ಗಂಡಸರಿಗೆ ನಂಬಿಕೆ, ಹಾಗಾಗಿ ಲೆಕ್ಕವೇ ಇರಲಿ. ಗಡಿಯ ಒಂದು ಶಿಬಿರದಲ್ಲಿ ನೂರು ಹುಡುಗರು ಇದ್ದರೆಂದು ಇಟ್ಟುಕೊಳ್ಳಿ. ಹೊತ್ತಿಗೆ ನಾಲ್ಕು ರೊಟ್ಟಿ. ದುಡಿದ ಹುಡುಗನಿಗೆ ನಾಲ್ಕು ಹೆಚ್ಚಲ್ಲ. ದಿನಕ್ಕೆ ಎರಡು ಹೊತ್ತು. ಎಂಟುನೂರು ರೊಟ್ಟಿ. ಕಿಲೋ ಹಿಟ್ಟಿಗೆ ಹತ್ತು ಹನ್ನೆರಡು ರೊಟ್ಟಿ ಹಿಡಿದರೂ ಎಪ್ಪತ್ತು ಕಿಲೋ ಮೇಲೆ ಹಿಟ್ಟು ಬೇಕು, ಪ್ರತಿದಿನ. ಊರಲ್ಲಿ ಗಿರಣಿ ಇಲ್ಲ, ಬೀಸುಕಲ್ಲು. ಇಬ್ಬರು ಎದುರುಬದುರು ಕೂತು ಬೀಸಿದರೆ ತಾಸಿಗೆ ಮೂರೋ ನಾಲ್ಕೋ ಕಿಲೋ. ಅಂದರೆ ಒಂದೇ ಕಲ್ಲಾದರೆ ಹಗಲೂ ರಾತ್ರಿ ಸೇರಿ ಇಪ್ಪತ್ತು ತಾಸು ತಿರುಗುತ್ತಲೇ ಇರಬೇಕು. ಆಮೇಲೆ ನಾದುವುದು, ಬಡಿಯುವುದು, ಹಂಚಿನ ಮೇಲೆ ನೀರು ಸವರಿ ಬೇಯಿಸುವುದು. ಪಳಗಿದ ಕೈಗೂ ರೊಟ್ಟಿಗೆ ಎರಡು ನಿಮಿಷ ಹಿಡಿದರೆ ಎಂಟುನೂರಕ್ಕೆ ಇಪ್ಪತ್ತಾರು ತಾಸು. ಬೀಸುವುದು, ಬಡಿಯುವುದು ಕೂಡಿ ಒಂದು ದಿನದೊಳಗೆ ಎರಡು ದಿನದ ಕೆಲಸ. ಕಟ್ಟಿಗೆ ಬೇರೆ, ನೀರು ಬೇರೆ, ಪುಂಡಿಪಲ್ಯ ಬೇರೆ, ಶೇಂಗಾ ಹಿಂಡಿ ಕುಟ್ಟಿದ್ದು ಬೇರೆ. ಇಷ್ಟನ್ನೂ ಒಂದೇ ಮನೆ ಮಾಡಲಾರದು. ಹಾಗಾಗಿ ಈ ಮನೆಯಿಂದ ಐದು, ಆ ಮನೆಯಿಂದ ಹತ್ತು, ಸೆರಗಿನಡಿಯಲ್ಲಿ ಬುತ್ತಿ ಕೂಡಬೇಕು. ಯಾವ ಮನೆಯವಳು ಬಾಯಿ ಬಿಡುವುದಿಲ್ಲ, ಯಾವ ಮನೆಯ ಮಾವ ರಜಾಕಾರರಿಗೆ ಸುದ್ದಿ ಮುಟ್ಟಿಸುತ್ತಾನೆ, ಯಾವ ಗೆಳತಿಯ ಮೇಲೆ ಭಾರ ಹಾಕಬಹುದು ಎನ್ನುವ ಖಬರು ಇಲ್ಲದೆ ಈ ರೊಟ್ಟಿ ಕೂಡುವುದೇ ಇಲ್ಲ. ಮಿಲಿಟರಿಯವರು ಇದನ್ನೇ ಸರಬರಾಜು, ಬೇಹುಗಾರಿಕೆ ಅಂತ ದೊಡ್ಡ ಹೆಸರಿಟ್ಟು ಕರೆಯುತ್ತಾರೆ, ಅದಕ್ಕೆ ಪಗಾರ ಕೊಡುತ್ತಾರೆ, ಪದಕ ಕೊಡುತ್ತಾರೆ.

ನಮ್ಮ ಓಣಿಯ ಆಯಿಗಳನ್ನು ಕೇಳಿ. ‘ರಜಾಕಾರರ ಹಾವಳ್ಯಾಗ ನೀ ಏನ್ ಮಾಡಿದಿ ಆಯಿ?’ ‘ನಾ ಏನ್ ಮಾಡ್ಲಿ ಯವ್ವಾ, ರೊಟ್ಟಿ ಬಡದೆ.’ ಈ ಉತ್ತರ ಕೇಳಿ ಮೆಚ್ಚಿ ತಲೆದೂಗುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆಯಿಯ ವಿನಯವಲ್ಲ ಅದು. ನೀನು ಮಾಡಿದ್ದು ಕೆಲಸವೇ ಅಲ್ಲ ಎಂದು ಎಂಟು ದಶಕ ಅವಳಿಗೆ ಹೇಳಿದ್ದೇವೆ; ಅವಳೂ ನಂಬಿದ್ದಾಳೆ.

ನಂಬಿಸಿದ ಕಾಗದ ಕೂಡ ಇದೆ. ಸ್ವಾತಂತ್ರ್ಯ ಹೋರಾಟಗಾರರ ಪಿಂಚಣಿ 1972ರಲ್ಲಿ ಶುರುವಾಯಿತು, 1980ರಲ್ಲಿ ಸ್ವತಂತ್ರತಾ ಸೈನಿಕ ಸಮ್ಮಾನ್ ಎಂಬ ಹೆಸರು ಪಡೆಯಿತು. ಹೈದರಾಬಾದ್ ವಿಮೋಚನೆಯ ಗಡಿ ಶಿಬಿರಗಳೂ ಆಮೇಲೆ ಅದರೊಳಗೆ ಬಂದವು. ಯಾರು ಅರ್ಹರು? ಆರು ತಿಂಗಳು ಜೈಲಿನಲ್ಲಿದ್ದವರು. ವಾರಂಟು ಹೊರಟು, ಇಲ್ಲವೇ ತಲೆಗೆ ಬಹುಮಾನ ಹಚ್ಚಿ, ಆರು ತಿಂಗಳಿಗೂ ಮೇಲೆ ಭೂಗತರಾಗಿದ್ದವರು. ಹೋರಾಟಕ್ಕಾಗಿ ಆಸ್ತಿ ಜಪ್ತಿಯಾದವರು. ಹತ್ತು ಛಡಿಯೇಟು ತಿಂದವರು. ಹೆಂಗಸರಿಗೆ, ಪರಿಶಿಷ್ಟರಿಗೆ ದೊಡ್ಡ ಮನಸ್ಸು ಮಾಡಿ ಜೈಲಿನ ಅವಧಿಯನ್ನು ಮೂರು ತಿಂಗಳಿಗೆ ಇಳಿಸಿದ್ದಾರೆ. ಎಂಥಾ ಉಪಕಾರ! ಮೂರು ತಿಂಗಳು ಜೈಲಿಗೆ ಹೋಗಿದ್ದರೆ ಅವಳ ಎಮ್ಮೆ ಹಿಂಡುವವರು ಯಾರು? ಅವಳು ಸಿಕ್ಕಿಬೀಳಲಿಲ್ಲ ಎನ್ನುವುದೇ ಅವಳ ಕೆಲಸ ಗೆದ್ದಿತೆನ್ನುವುದಕ್ಕೆ ಪುರಾವೆ; ಅದೇ ಪುರಾವೆ ಸರ್ಕಾರದ ಕಣ್ಣಲ್ಲಿ ಅನರ್ಹತೆ. ಶಿಬಿರದವರಿಗೆ ಶಿಬಿರದ ಮುಖಂಡ ಸರ್ಟಿಫಿಕೇಟು ಕೊಟ್ಟ. ರೊಟ್ಟಿ ಬಡಿದವಳಿಗೆ ಯಾರು ಕೊಡಬೇಕು, ಒಲೆಯೇ?

ಅವಳಿಗೂ ಪಿಂಚಣಿ ಸಿಕ್ಕಿದ್ದುಂಟು. ಗಂಡ ಸತ್ತ ಮೇಲೆ. ಅವನ ಹೆಸರಿನಲ್ಲಿ, ಅವನ ವಿಧವೆಯಾಗಿ. ಬದುಕಿದ್ದಾಗ ಅವಳು ಮಾಡಿದ್ದಕ್ಕೆ ಕಾಲಂ ಇಲ್ಲ, ಅವನು ಸತ್ತಿದ್ದಕ್ಕೆ ಇದೆ.

ಯುದ್ಧ ಬಂದಾಗ ಹೆಣ್ಣನ್ನು ಕರೆಯುವುದು, ಮುಗಿದ ಮೇಲೆ ಮನೆಗೆ ಅಟ್ಟುವುದು ನಮ್ಮ ಊರಿನವರೇ ಕಂಡುಹಿಡಿದ ವಿದ್ಯೆಯಲ್ಲ. ಅದಕ್ಕೂ ಮೊದಲಿನ ದೊಡ್ಡ ಯುದ್ಧವನ್ನೇ ನೋಡಿ. ಬ್ರಿಟನ್ನಿನ ಆಕಾಶದಲ್ಲಿ 1940ರಲ್ಲಿ ಹಾರಿದ ಸ್ಪಿಟ್‌ಫೈರ್ ವಿಮಾನಗಳ ಒಂದು ದಳಕ್ಕೆ ಹೈದರಾಬಾದ್ ಸ್ಕ್ವಾಡ್ರನ್ ಎಂದೇ ಹೆಸರು, ನಿಜಾಮನ ಔದಾರ್ಯದ ಗುರುತು. ನಿಜಾಮನ ಖಜಾನೆ ತುಂಬಿದ್ದು ಯಾವ ಹೊಲಗಳ ಕಂದಾಯದಿಂದ, ಆ ಹೊಲಗಳಲ್ಲಿ ಕಳೆ ಕಿತ್ತ ಬೆರಳು ಯಾರವು ಎಂದು ವಿಮಾನದ ಮೈಮೇಲೆ ಬರೆಯುವುದಿಲ್ಲ. ಶಹಾಬಾದದ ಸಿಮೆಂಟ್ ಕಂಪನಿ 1936ರಲ್ಲಿ ಎ.ಸಿ.ಸಿ.ಯೊಳಗೆ ಸೇರಿದ ಕಂಪನಿಗಳಲ್ಲಿ ಒಂದು. ಯುದ್ಧಕಾಲದಲ್ಲಿ ದೇಶದ ಸಿಮೆಂಟಿನ ಬಹುಪಾಲನ್ನು ಸರ್ಕಾರವೇ ಎತ್ತಿಕೊಂಡಿತು. ಸಿಮೆಂಟೆಂದರೆ ಚಿಮಣಿಯಲ್ಲಿ ಹುಟ್ಟುವುದಲ್ಲ. ಸುಣ್ಣಕಲ್ಲಿನ ಖಣಿಯಲ್ಲಿ ಬುಟ್ಟಿ ಹೊರುವ ಕುತ್ತಿಗೆಯಲ್ಲಿ ಹುಟ್ಟುತ್ತದೆ. ಖಣಿಯ ಬುಟ್ಟಿ ಹೆಂಗಸರದೇ. ಇವತ್ತಿಗೂ.

ಕಲ್ಲಿದ್ದಲ ಗಣಿಗಳ ಕಥೆ ಇನ್ನೂ ಖಾರ. ನೆಲದಡಿಯ ಕೆಲಸಕ್ಕೆ ಹೆಂಗಸರನ್ನು ಇಳಿಸಬಾರದೆಂದು 1929ರ ನಿಯಮ. 1937ರ ಹೊತ್ತಿಗೆ ಪೂರ್ತಿ ನಿಂತಿತ್ತು. 1943ರಲ್ಲಿ ಯುದ್ಧಕ್ಕೆ ಕಲ್ಲಿದ್ದಲು ಸಾಲದಾಯಿತು, ನಿಷೇಧ ತೆಗೆದರು. ಆಗ ಕಾರ್ಮಿಕ ಖಾತೆ ಬಾಬಾಸಾಹೇಬ ಅಂಬೇಡ್ಕರರ ಕೈಯಲ್ಲಿತ್ತು. ಮಹಿಳಾ ಸಂಘಟನೆಗಳು ಪ್ರತಿಭಟಿಸಿದವು. 1944ರಲ್ಲಿ ಅಸೆಂಬ್ಲಿಯಲ್ಲಿ ಉತ್ತರಿಸಿದ ಬಾಬಾಸಾಹೇಬರು ಇದು ತುರ್ತುಕಾಲದ ಕ್ರಮ ಎಂದರು. ಜೊತೆಗೆ, ಒಂದೇ ಕೆಲಸಕ್ಕೆ ಗಂಡು ಹೆಣ್ಣೆನ್ನದೆ ಒಂದೇ ಕೂಲಿ ಎಂಬ ತತ್ವ ಈ ದೇಶದ ಉದ್ದಿಮೆಯೊಂದರಲ್ಲಿ ಇದೇ ಮೊದಲ ಸಲ ಬಂದಿದೆ ಎಂದು ಎತ್ತಿ ಹೇಳಿದರು. ಗರ್ಭಿಣಿಯನ್ನೂ ಕತ್ತಲ ಬಿಲಕ್ಕೆ ಇಳಿಸಬಲ್ಲ ಆ ನಿರ್ಧಾರ ನನ್ನ ಗಂಟಲಲ್ಲಿ ಇಳಿಯುವುದಿಲ್ಲ, ಅದನ್ನು ಮಾಡಿದವರು ನನ್ನ ಬಾಬಾಸಾಹೇಬರೇ ಆದರೂ. ಆದರೆ ಇಳಿಸಿದ ಮೇಲೆ ಗಂಡಿನಷ್ಟೇ ಕೂಲಿ ಕೊಡಿ ಎಂದ ನಾಲಗೆ ಆ ಸಭೆಯಲ್ಲಿ ಅವರದಲ್ಲದೆ ಇನ್ನಾರದಿತ್ತು? 1945ರಲ್ಲಿ ಅವರು ವಾಡಿಗೆ ಬಂದದ್ದನ್ನು ವಾಡಿಯ ನಮ್ಮ ಜನ ಇವತ್ತಿಗೂ ಹಬ್ಬದಂತೆ ನೆನೆಯುತ್ತಾರೆ. ಆ ದಿನದ ಮೆರವಣಿಗೆಯಲ್ಲಿ ನಡೆಯುವ ಖಣಿ ಕೂಲಿಯ ಅಕ್ಕಂದಿರಿಗೆ ಈ ಸಮಾನ ಕೂಲಿಯ ಮಾತನ್ನು ಯಾರಾದರೂ ಮೈಕಿನಲ್ಲಿ ಹೇಳಲಿ. ಮಾಲೆ ಹಾಕುವುದಕ್ಕಿಂತ ಅದು ದೊಡ್ಡ ಪೂಜೆ. ಯುದ್ಧ ಮುಗಿಯಿತು, 1946ರ ಫೆಬ್ರುವರಿಯಲ್ಲಿ ನಿಷೇಧ ಮತ್ತೆ ಬಂತು. ಹೆಂಗಸರು ಮೇಲೆ ಬಂದರು. ಸಮಾನ ಕೂಲಿ ಕೆಳಗೇ ಉಳಿಯಿತು.

ನಮ್ಮ ಪಕ್ಕದ ಮನೆಯವರನ್ನೂ ನೋಡಿ. ವಾಡಿಯಿಂದ 1874ರಲ್ಲಿ ಹಾಕಿದ ನಿಜಾಮನ ರೈಲುಹಳಿ ಚಿತ್ತಾಪುರ, ಸೇಡಂ ದಾಟಿ ತಾಂಡೂರಿಗೆ ಹೋಗುತ್ತದೆ. ತಾಂಡೂರಿನಿಂದಾಚೆ ಮಾತು ತೆಲುಗು, ಆದರೆ ರಾಜನೂ ರಜಾಕಾರನೂ ಒಬ್ಬನೇ. ತೆಲಂಗಾಣದ ರೈತ ಹೋರಾಟದಲ್ಲಿ ಬಂದೂಕು ಹಿಡಿದ, ಗಾಯ ಕಟ್ಟಿದ, ಕಾಡಿನಲ್ಲಿ ಹಡೆದ ಹೆಂಗಸರ ಬಾಯಿಮಾತನ್ನು ಹೈದರಾಬಾದಿನ ಸ್ತ್ರೀ ಶಕ್ತಿ ಸಂಘಟನದ ಹೆಣ್ಣುಮಕ್ಕಳು ಹಳ್ಳಿಹಳ್ಳಿ ತಿರುಗಿ ಬರೆದುಕೊಂಡರು; 1986ರಲ್ಲಿ ತೆಲುಗಿನಲ್ಲಿ, 1989ರಲ್ಲಿ ಇಂಗ್ಲಿಷಿನಲ್ಲಿ ಪುಸ್ತಕವಾಯಿತು. ಅದರಲ್ಲಿ ಆ ಹೆಂಗಸರು ರಜಾಕಾರರ ಮೇಲೆ ಸಿಟ್ಟಾಗಿದ್ದಾರೆ, ಸರಿ. ಹೋರಾಟ ಮುಗಿದ ಮೇಲೆ ‘ಇನ್ನು ಮನೆಗೆ ಹೋಗಿರಮ್ಮ’ ಎಂದ ತಮ್ಮ ಪಕ್ಷದ ಮೇಲೂ ಸಿಟ್ಟಾಗಿದ್ದಾರೆ. ಸಂಗಾತಿಗಳೇ ಸಂಸಾರದ ಬಾಗಿಲು ತೋರಿಸಿದ ಸಿಟ್ಟು ಅದು. ಕನ್ನಡದ ಕಡೆ ಆ ಕೆಲಸ ಯಾರ ಹೊಣೆಯಾಗಿತ್ತು? ಪೀಠಗಳಿವೆ, ವಿಶ್ವವಿದ್ಯಾಲಯಗಳಿವೆ, ವಿಮೋಚನೆಯ ಹೆಸರಲ್ಲಿ ಗ್ರಂಥಮಾಲೆಗಳಿವೆ. ಸವಳಗಿಯ ಗೀತಾ ನಾಗಭೂಷಣ ಒಬ್ಬರು ಇದ್ದರು. ಕಲಬುರಗಿಯ ಹಟ್ಟಿ, ಹೊಲಗೇರಿಗಳ ಹೆಂಗಸರನ್ನು ಅವರದೇ ಬಾಯಿಮಾತಿನಲ್ಲಿ ಕಾದಂಬರಿಗೆ ತಂದರು, ‘ಬದುಕು’ ಬರೆದು ಅಕಾಡೆಮಿ ಪ್ರಶಸ್ತಿ ಪಡೆದರು. ಒಬ್ಬ ಲೇಖಕಿಯ ಹೆಗಲಿಗೆ ಇಡೀ ಸೀಮೆಯ ಹೆಂಗಸರನ್ನು ಹೊರಿಸಿ ಉಳಿದವರು ಆರಾಮಾಗಿ ಗಂಡಸರ ಚರಿತ್ರೆ ಬರೆದರು.

ಈಗ ಯಾರಿಗೂ ಬೇಡದ ಮಾತಿಗೆ ಬರುತ್ತೇನೆ.

ಸೆಪ್ಟೆಂಬರ್ 17ರ ಭಾಷಣ 17ಕ್ಕೇ ಮುಗಿಯುತ್ತದೆ. 18 ಬರುವುದೇ ಇಲ್ಲ. ನಮ್ಮ ಜಿಲ್ಲೆಗೆ 18 ಬಂತು, 19 ಬಂತು, ತಿಂಗಳುಗಟ್ಟಲೆ ಬಂತು. ರಜಾಕಾರರು ಮಾಡಿದ್ದಕ್ಕೆ ಸೇಡನ್ನು ರಜಾಕಾರರಲ್ಲದ ಮುಸಲ್ಮಾನರ ಮೇಲೆ ತೀರಿಸಿಕೊಂಡರು. ನೆಹರೂ ಸರ್ಕಾರ ಕಳಿಸಿದ ಪಂಡಿತ್ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿ ಅವರ ನಿಯೋಗ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರ ತನಕ ಸಂಸ್ಥಾನದ 16 ಜಿಲ್ಲೆಗಳಲ್ಲಿ ಒಂಬತ್ತನ್ನು ತಿರುಗಿ ಐನೂರಕ್ಕೂ ಮಿಕ್ಕಿ ಜನರನ್ನು ಕೇಳಿತು. ತೀರಾ ಕೈಹಿಡಿದು ಅಂದಾಜು ಮಾಡಿದರೂ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಬರೆಯಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆ: ಉಸ್ಮಾನಾಬಾದ್, ಗುಲಬರ್ಗಾ, ಬೀದರ, ನಾಂದೇಡ. ನಾಲ್ಕರಲ್ಲಿ ಎರಡು ನಮ್ಮವು. ಆ ವರದಿ ದಶಕಗಳ ಕಾಲ ಬೀಗದೊಳಗಿತ್ತು. ಪೂರ್ತಿ ಪಾಠ ಎ.ಜಿ. ನೂರಾನಿಯವರ ಪುಸ್ತಕದಲ್ಲಿ ಅಚ್ಚಾಗಿ ಜನರ ಕೈಗೆ ಬಂದದ್ದು 2013ರಲ್ಲಿ.

ಆ ವರದಿಯಲ್ಲಿ ಹೆಂಗಸರು ಇದ್ದಾರೆ. ಎಳೆದೊಯ್ದ ಹೆಂಗಸರು, ಕೆಡಿಸಿದ ಹೆಂಗಸರು, ಬಾವಿಗಳಲ್ಲಿ ಹೆಣವಾಗಿ ಸಿಕ್ಕ ಹೆಂಗಸರು. ಒಂದು ಬಾವಿಯ ಹೆಣಗಳ ನಡುವೆ ಎದೆಗೆ ಕೂಸು ಅಂಟಿಕೊಂಡಂತೆಯೇ ಇದ್ದ ತಾಯಿಯನ್ನು ನಿಯೋಗದವರು ಕಂಡರು. ಬೀದರ ಜಿಲ್ಲೆಯ ಗೋರಟಾದಲ್ಲಿ 1948ರ ಮೇ ತಿಂಗಳಲ್ಲಿ ರಜಾಕಾರರು ಮಾಡಿದ ಕೊಲೆಗಳಿಗೆ ಸ್ಮಾರಕ ಕಟ್ಟಿದ್ದಾರೆ, 2023ರಲ್ಲಿ ಕೇಂದ್ರ ಗೃಹಮಂತ್ರಿ ಬಂದು 103 ಅಡಿಯ ಬಾವುಟ ಏರಿಸಿ ಹೋದರು. ಕಟ್ಟಬೇಕಾದದ್ದೇ. ಗೋರಟಾದ ಹೆಣಗಳೂ ನಮ್ಮವೇ. ಬಾವುಟದ ಎತ್ತರ ಅಡಿ ಲೆಕ್ಕದಲ್ಲಿ ಬಾಯಿಪಾಠ ಇರುವವರೇ, ಆ ಬಾವಿಗಳ ಆಳ ಎಷ್ಟೆಂದು ಯಾವ ಇಂಜಿನಿಯರನ್ನು ಕೇಳಿದಿರಿ?

ಇಲ್ಲಿಯೂ ಹೆಣ್ಣಿನ ಸಾವು ಗಂಡಸರ ಮಾತಿಗೆ ಮದ್ದುಗುಂಡು. ಒಂದು ಕಾಲಕ್ಕೆ ಚಿತ್ತಾಪುರದ ಶಾಸಕರಾಗಿದ್ದ, ಈಗ ಕಾಂಗ್ರೆಸ್ಸಿನ ರಾಷ್ಟ್ರಾಧ್ಯಕ್ಷರಾದ ಮಲ್ಲಿಕಾರ್ಜುನ ಖರ್ಗೆಯವರು ಭಾಲ್ಕಿ ಕಡೆಯ ವರವಟ್ಟಿಯಲ್ಲಿ ಹುಟ್ಟಿದವರು. ರಜಾಕಾರರು ಹಚ್ಚಿದ ಬೆಂಕಿಯಲ್ಲಿ ಅವರ ತಾಯಿ, ಸೋದರಿ ಸತ್ತರು. ತಂದೆ ಮಗನನ್ನು ಎತ್ತಿಕೊಂಡು ಕಲಬುರಗಿಗೆ ಬಂದು ಎಂ.ಎಸ್.ಕೆ. ಮಿಲ್ಲಿನಲ್ಲಿ ಕೂಲಿಯಾದರು. 2024ರ ಮಹಾರಾಷ್ಟ್ರ ಚುನಾವಣೆಯಲ್ಲಿ ಉತ್ತರಪ್ರದೇಶದ ಮುಖ್ಯಮಂತ್ರಿ ಈ ಸಾವುಗಳನ್ನು ಎತ್ತಿ, ಯಾಕೆ ನೆನೆಯುವುದಿಲ್ಲ ಎಂದು ಖರ್ಗೆಯವರನ್ನು ಚುಚ್ಚಿದರು. ದಲಿತ ಹೆಂಗಸೊಬ್ಬಳು ಗುಡಿಸಲಲ್ಲಿ ಸುಟ್ಟು ಸತ್ತು ಎಪ್ಪತ್ತಾರು ವರ್ಷವಾದ ಮೇಲೆ ವೋಟಿನ ಭಾಷಣಕ್ಕೆ ನೆನಪಾದಳು. ಬದುಕಿದ್ದಾಗ ಅದೇ ಹೆಂಗಸಿಗೆ ಊರ ಬಾವಿಯ ನೀರು ಮುಟ್ಟಲು ಬಿಡದವರ ಮೊಮ್ಮಕ್ಕಳು ಕಣ್ಣೀರು ಒರೆಸಿಕೊಂಡರು. ಇದಕ್ಕೆ ಏನನ್ನಬೇಕೋ ನೀವೇ ಅನ್ನಿ.

ಸುಂದರಲಾಲರ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಯಾವ ಪಕ್ಷದ ಭಾಷಣಕ್ಕೂ ಒಗ್ಗದ್ದು. ಒಂದೇ ಕಸುಬಿನವರ ನಡುವಿನ ಅಂತಃಕರಣವನ್ನು ಅವರು ಎತ್ತಿ ಬರೆದರು. ಕೆಲವು ಕಡೆ ಹಿಂದೂ ನೇಕಾರರು ಮುಸಲ್ಮಾನ ನೇಕಾರರಿಗೆ ಅಡ್ಡನಿಂತರು, ಹಾಗೆ ನಿಂತು ತಾವೂ ಜೀವ ಕಳಕೊಂಡರು. ಎಳೆದೊಯ್ದ ಮುಸಲ್ಮಾನ ಹೆಂಗಸರನ್ನು ಹುಡುಕಿ ಮನೆ ಮುಟ್ಟಿಸಲು ಎಷ್ಟೋ ಹಿಂದೂಗಳು ನೆರವಾದರು. ‘ಹಿಂದೂಗಳು’ ಎಂದಷ್ಟೇ ಬರೆದಿದ್ದಾರೆ. ಆ ಹಿಂದೂಗಳಲ್ಲಿ ಹೆಂಗಸರೆಷ್ಟು? ಮಗ್ಗದ ಮನೆಯಲ್ಲಿ ಕಂಡಿಕೆ ಸುತ್ತುವವಳು, ನೂಲಿಗೆ ಗಂಜಿ ಹಾಕುವವಳು ಹೆಣ್ಣುಮಗಳೇ ತಾನೆ? ಎರಡು ಮಗ್ಗದ ಮನೆಗಳ ನಡುವೆ ಅಂತಃಕರಣ ಇತ್ತೆಂದರೆ ಅದು ಗಂಡಸರು ಚಾವಡಿಯಲ್ಲಿ ಕೂತು ಠರಾವು ಮಾಡಿದ್ದೇನಲ್ಲ. ಒಳಗೆ ಅಡಗಿಸಿದವರಿಗೆ ಕದ ತೆರೆಯದಂತೆ ಊಟ ಮುಟ್ಟಿಸಿದ ಕೈ, ಅಡಗಿದವಳ ಕೂಸು ಅಳದಂತೆ ತನ್ನ ಮೊಲೆಗೆ ಹಚ್ಚಿಕೊಂಡ ತಾಯಿ, ‘ಇಲ್ಲಿ ಯಾರೂ ಇಲ್ರಪಾ’ ಎಂದು ಕೊಡಲಿ ಹಿಡಿದವರ ಮುಖಕ್ಕೆ ಸುಳ್ಳು ಹೇಳಿದ ಮುದುಕಿ, ಇವರಿಲ್ಲದೆ ಯಾರನ್ನಾದರೂ ಬಚ್ಚಿಟ್ಟು ಉಳಿಸಲಿಕ್ಕೆ ಆಗುತ್ತದೆಯೆ? ಮನೆ ಯಾರ ಕೈಯಲ್ಲಿದೆಯೋ ಬಚ್ಚಿಡುವುದೂ ಅವರ ಕೈಯಲ್ಲೇ.

ಗೆಳೆತನ ಎಂದರೆ ಹುಡುಗಿಯರ ಪಿಸುಮಾತು ಎಂದು ನಗುವ ಪಂಡಿತರಿಗೆ ಹೇಳುತ್ತೇನೆ. ನಮ್ಮ ಕಡೆ ಹೆಂಗಸರ ಗೆಳೆತನ ಕೆಲಸದಿಂದ ಹುಟ್ಟಿದ್ದು. ಬೀಸುವಾಗ ಒಂದೇ ಗೂಟವನ್ನು ಇಬ್ಬರು ಹಿಡಿಯಬೇಕು. ಜೋಳದ ಕೊಯ್ಲಿನ ಸಾಲಿನಲ್ಲಿ ಹಿಂದೆ ಬಿದ್ದವಳ ಪಾಲನ್ನು ಮುಂದಿನವಳು ಬಾಗಿ ಕೊಯ್ದುಕೊಡಬೇಕು. ಫರಸಿ ಖಣಿಯಲ್ಲಿ ಬುಟ್ಟಿ ತಲೆಗೇರಿಸಲು ಇನ್ನೊಬ್ಬಳ ಕೈ ಬೇಕೇ ಬೇಕು. ಒಬ್ಬಳೇ ಎತ್ತಿಕೊಳ್ಳುವ ಭಾರವಲ್ಲ ಅದು. ಕಾಗಿಣಾ ದಂಡೆಯಲ್ಲಿ ಬಟ್ಟೆ ಒಗೆಯುವಾಗ ಬಂದ ಸುದ್ದಿ ಯಾವ ಪೇಪರಿನಲ್ಲೂ ಬರುತ್ತಿರಲಿಲ್ಲ. ಮೊಹರಂ ಬಂದರೆ ಅಲಾಯಿ ಕುಣಿಯ ಸುತ್ತ ಹಾಡುವ ರಿವಾಯತ್ ಪದಗಳು ಕನ್ನಡದವು, ಹಾಡುವವರಲ್ಲಿ ಅರ್ಧಕ್ಕರ್ಧ ಹಿಂದೂಗಳು. ಚೊಂಗೆ ಮಾಡಿ ಮನೆಮನೆಗೆ ಕೊಟ್ಟು ಬರುವವರು ಹೆಂಗಸರು. 1948ರಲ್ಲಿ ಮೊಹರಂ ಬಂದದ್ದು ನವೆಂಬರಿನಲ್ಲಿ, ರಕ್ತ ಒಣಗುವುದರೊಳಗೆ. ಆ ವರ್ಷ ನಮ್ಮ ಸೀಮೆಯಲ್ಲಿ ಚೊಂಗೆ ಮಾಡಿದ ಮನೆ ಎಷ್ಟು, ಹಿಟ್ಟು ಇದ್ದೂ ಮಾಡಲಾರದೆ ಕೂತ ಮನೆ ಎಷ್ಟು, ಮಾಡಲಾರದ ಮನೆಗೆ ಹೋಗಿ ಕೂತ ಗೆಳತಿಯರು ಎಷ್ಟು? ಡಿಸೆಂಬರ್ ಜನವರಿಗೆ ತೊಗರಿ ಕೊಯ್ಲು ಬಂತಲ್ಲ, ಗಂಡಸರೆಲ್ಲ ಸತ್ತ ಮನೆಯ ತೊಗರಿಯನ್ನು ಕೊಯ್ದವರು ಯಾರು, ಮುಯ್ಯಾಳಾಗಿ ಹೋದವರು ಯಾರು, ರಾತ್ರೋರಾತ್ರಿ ಕದ್ದು ಕೊಯ್ದವರು ಯಾರು? ಇಡೀ ಒಂದು ಜಿಲ್ಲೆಯ ನಿಜವಾದ ಚರಿತ್ರೆ ಈ ಪ್ರಶ್ನೆಗಳಲ್ಲಿದೆ.

ಹಾಗೆಂದು ಗೆಳೆತನಕ್ಕೆ ಸಕ್ಕರೆ ಬೆರೆಸಲಾರೆ. ಒಂದು ಗೂಟ ಹಿಡಿದು ಬೀಸಿದ ಇಬ್ಬರೂ ಒಂದೇ ಜಾತಿಯವರಾಗಿದ್ದರೆನ್ನುವುದು ನನಗೆ ಗೊತ್ತಿದೆ. ಹೊಲಗೇರಿಯ, ಮಾದಿಗರ ಓಣಿಯ ಹೆಣ್ಣುಮಗಳು ಕಟ್ಟಿಗೆ ತರಬಹುದಿತ್ತು, ಆ ಕಟ್ಟಿಗೆಯ ಮೇಲೆ ಬೆಂದ ರೊಟ್ಟಿಯನ್ನು ಮುಟ್ಟುವಂತಿರಲಿಲ್ಲ. ರಾತ್ರಿ ದಾರಿ ತೋರಿಸಬಹುದಿತ್ತು, ಹಗಲು ಅಂಗಳ ಏರುವಂತಿರಲಿಲ್ಲ. ಬಿಟ್ಟಿ ಚಾಕರಿ ರಜಾಕಾರರ ಕಾಲದಲ್ಲಿಯೂ ಇತ್ತು, ತ್ರಿವರ್ಣ ಧ್ವಜ ಹಾರಿದ ಮಾರನೆಯ ದಿನವೂ ಇತ್ತು. ಗೌಡನ ಹಟ್ಟಿಯ ಸಗಣಿ ಬಳಿಯಲಿಕ್ಕೆ ವಿಮೋಚನೆಯ ಮಾರನೆಯ ಬೆಳಗ್ಗೆಯೂ ಅವಳೇ ಹೋದಳು. ಅವಳಿಗೆ ಯಾರು ಯಾರಿಂದ ಮುಕ್ತಿ ಕೊಡಿಸಿದರು?

ಇವತ್ತಿನ ಮಾತಿಗೆ ಬನ್ನಿ. ಶಹಾಬಾದದ ಫರಸಿಯ ಮೇಲೆ ಅರ್ಧ ಮಹಾರಾಷ್ಟ್ರ ಉಂಡು ಮಲಗುತ್ತದೆ, ಹೈದರಾಬಾದಿನ ಹಳೇ ಮನೆಗಳ ನೆಲವೂ ಅದೇ. ಖಣಿಯಲ್ಲಿ ಗಂಡಾಳಿಗೊಂದು ಕೂಲಿ, ಹೆಣ್ಣಾಳಿಗೊಂದು ಕೂಲಿ. ಸಮಾನ ವೇತನದ ಕಾನೂನು 1976ರಲ್ಲೇ ಬಂದಿತ್ತು. ಕಲಬುರಗಿಯ ದಾಲ್ ಮಿಲ್ಲುಗಳ ಅಂಗಳದಲ್ಲಿ ಬೇಳೆ ಹಸನು ಮಾಡುತ್ತ ಬೆನ್ನು ಬಾಗಿದವರು ಹೆಂಗಸರು. 2019ರಲ್ಲಿ ಕಲಬುರಗಿ ತೊಗರಿಗೆ ಭೌಗೋಳಿಕ ಮಾನ್ಯತೆ ಸಿಕ್ಕಾಗ ಸನ್ಮಾನಕ್ಕೆ ಶಾಲು ಹೊದ್ದವರು ಯಾರೆಂದು ಫೋಟೋ ತೆಗೆದು ನೋಡಿ. ಅದೇ ವರ್ಷ ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕ ಬಂತು. ಬೋರ್ಡು ಬದಲಿಸಿದರು. ಬೋರ್ಡು ಒರೆಸುವ ಹೆಂಗಸಿನ ದಿನಗೂಲಿ ಬದಲಾಗಲಿಲ್ಲ.

ನನಗೆ ಹೆಣ್ಣುಮಕ್ಕಳ ಹೆಸರಿನಲ್ಲಿ ಒಂದು ಮೂರ್ತಿ, ಒಂದು ಸರ್ಕಲ್ಲು ಬೇಡ. ಮೂರ್ತಿ ನಿಂತ ಮರುದಿನ ಅದರ ಕಾಲಡಿ ಕಸ ಗುಡಿಸಲು ಮತ್ತೊಬ್ಬ ಹೆಂಗಸನ್ನು ಕರೆಯುತ್ತಾರೆ. ಬೇಕಾದದ್ದು ಒಂದು ರಿಜಿಸ್ಟರು. 1948ರಲ್ಲಿ ಹತ್ತು ವರ್ಷದ ಹುಡುಗಿಯಾಗಿದ್ದವಳು ಈಗ ತೊಂಬತ್ತರ ಹತ್ತಿರ ಇದ್ದಾಳೆ. ಅವಳು ಯಾರ ಸೆರಗು ಹಿಡಿದು ಓಡಿದಳು, ಯಾರ ಮನೆಯ ಅಟ್ಟದಲ್ಲಿ ಮಲಗಿದಳು, ಅವಳ ಅವ್ವ ಯಾರಿಗೆ ರೊಟ್ಟಿ ಕಟ್ಟಿಕೊಟ್ಟಳು, ಅವಳ ಖಾಲಾ ಯಾವ ಬಾವಿಗೆ ಬಿದ್ದಳು, ಇವಿಷ್ಟೂ ಅವಳಿಗೆ ಗೊತ್ತಿದೆ. ಶಹಾಬಾದ ಈಗ ತಾಲ್ಲೂಕು. ತಹಶೀಲ್ದಾರರ ಕಚೇರಿ ಇದೆ, ಸೇಡಮಿನಲ್ಲಿದೆ, ಚಿತ್ತಾಪುರದಲ್ಲಿದೆ, ಚಿಂಚೋಳಿಯಲ್ಲಿದೆ. ಪ್ರತಿ ಊರಿಗೆ ಆಶಾ ಕಾರ್ಯಕರ್ತೆ ಇದ್ದಾಳೆ, ಯಾವ ಮನೆಯಲ್ಲಿ ಯಾವ ಆಯಿ ಇದ್ದಾಳೆ ಎಂಬುದು ಅವಳಿಗೆ ಬಾಯಿಪಾಠ. ಈ ಕೆಲಸಕ್ಕೆ ಅವಳಿಗೆ ಬೇರೆ ಕೂಲಿ ಕೊಡಿ, ‘ಸೇವೆ’ ಅಂತ ಹೇಳಿ ಬಿಟ್ಟಿ ಮಾಡಿಸಬೇಡಿ. ಆ ರಿಜಿಸ್ಟರಿನಲ್ಲಿ ಗಂಡನ ಹೆಸರಿನ ಕಾಲಂ ತೆಗೆದುಹಾಕಿ. ಜಾತಿ ಧರ್ಮದ ಕಾಲಂ ಮಾತ್ರ ಇಡಿ, ದಯವಿಟ್ಟು ‘ನಮ್ಮ ತಾಯಂದಿರು’ ಎಂದು ಎಲ್ಲರನ್ನೂ ಒಂದೇ ಸೀರೆಯಲ್ಲಿ ಸುತ್ತಬೇಡಿ. ರೊಟ್ಟಿ ಬಡಿದವಳು ಯಾರು, ಅದಕ್ಕೆ ಕಟ್ಟಿಗೆ ತಂದು ಹೊರಗೇ ನಿಂತವಳು ಯಾರು, ಅಟ್ಟದ ಮೇಲೆ ಅಡಗಿ ಅದನ್ನು ತಿಂದವಳು ಯಾರು ಎಂದು ಬೇರೆಬೇರೆಯಾಗಿಯೇ ಬರೆಯಿರಿ.